ಸತ್ತ ಹೃದಯಸ್ನಾಯು ಮತ್ತೆ ಹುಟ್ಟೀತೆ?



ಹೃದ್ರೋಗ ವಿಭಾಗದ ಓಪಿಡಿಯಲ್ಲಿ ಕೂತ ಯಾವ ವೈದ್ಯನೂ ಒಂದು ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಎಕೋ ರಿಪೋರ್ಟು ಹಿಡಿದು ಬಂದ ಮಗನೋ ಅಳಿಯನೋ ತಡೆದು ತಡೆದು ಕೇಳುತ್ತಾನೆ: “ಸಾರ್, ಅಪ್ಪಾಜಿಗೆ ಹಾರ್ಟಿನ ಒಂದು ಭಾಗ ಸತ್ತುಹೋಗಿದೆ ಅಂದ್ರಿ. ಸ್ಟೆಮ್ ಸೆಲ್ ಹಾಕಿದ್ರೆ ಮತ್ತೆ ಬೆಳೆಯುತ್ತಂತಲ್ಲ?” ಹೊರಗೆ ಎಪ್ಪತ್ತು ಜನ ಕಾಯುತ್ತಿರುವಾಗ ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಲಾಗುವುದಿಲ್ಲ. ಈ ದತ್ತಿ ಉಪನ್ಯಾಸದ ಪುಣ್ಯದಿಂದ ಇವತ್ತು ನನಗೆ ಒಂದು ಗಂಟೆ ಸಿಕ್ಕಿದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಂದು ದುಡ್ಡು ಕೊಟ್ಟು ಕೊಳ್ಳಬಹುದಾದ ಯಾವ ಚಿಕಿತ್ಸೆಯೂ ಸತ್ತ ಹೃದಯಸ್ನಾಯುವಿನ ಜಾಗದಲ್ಲಿ ಹೊಸ ಸ್ನಾಯುವನ್ನು ಬೆಳೆಸುತ್ತದೆಂದು ಸಾಬೀತಾಗಿಲ್ಲ. ಹಾಗೆಂದು ಅದು ಎಂದೆಂದಿಗೂ ಆಗದ ಕೆಲಸವೂ ಅಲ್ಲ. ಪ್ರಯೋಗಶಾಲೆಯಲ್ಲಿ, ಬೆರಳೆಣಿಕೆಯಷ್ಟು ರೋಗಿಗಳಲ್ಲಿ, ಅದರ ಮೊದಲ ಕುರುಹು ಕಂಡಿದೆ. ಈ ಎರಡು ಮಾತುಗಳ ನಡುವೆ ಕಾಲು ಶತಮಾನದ ಕಥೆಯಿದೆ. ವಿಜ್ಞಾನ ಹೇಗೆ ಆತುರಪಟ್ಟಿತು, ಹೇಗೆ ಮೋಸಹೋಯಿತು, ಹೇಗೆ ತನ್ನನ್ನು ತಾನೇ ತಿದ್ದಿಕೊಂಡಿತು ಎನ್ನುವ ಕಥೆ ಅದು.

ಸಾಯುವುದು ಏನು ಎಂಬಲ್ಲಿಂದ ಶುರುಮಾಡೋಣ. ನಮ್ಮ ಎಡ ಹೃತ್ಕುಕ್ಷಿಯಲ್ಲಿ ಸುಮಾರು 200ರಿಂದ 400 ಕೋಟಿ ಸ್ನಾಯುಕೋಶಗಳಿವೆ. ಕರೊನರಿ ಧಮನಿಯೊಂದು ರಕ್ತ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿಕೊಂಡರೆ, ಅದನ್ನೇ ನೆಚ್ಚಿಕೊಂಡಿದ್ದ ಕೋಶಗಳು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸಾಯತೊಡಗುತ್ತವೆ. ಹೃದಯದ ಗೋಡೆಯ ಒಳಪದರ ಮೊದಲು ಸಾಯುತ್ತದೆ. ಸಾವು ಅಲ್ಲಿಂದ ಹೊರಪದರದ ಕಡೆಗೆ ಹಬ್ಬುತ್ತದೆ. 1977ರಲ್ಲಿ ರೈಮರ್ ಮತ್ತು ಜೆನ್ನಿಂಗ್ಸ್ ನಾಯಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ಗಡಿಯಾರ ಇಟ್ಟು ತೋರಿಸಿತು. ಧಮನಿಯನ್ನು 40 ನಿಮಿಷ ಕಟ್ಟಿ ಬಿಟ್ಟರೆ ಒಂದಿಷ್ಟು, ಮೂರು ಗಂಟೆ ಕಟ್ಟಿದರೆ ಇನ್ನಷ್ಟು, ಆರು ಗಂಟೆಯಾದರೆ ಹೆಚ್ಚುಕಡಿಮೆ ಗೋಡೆಯ ಪೂರ್ತಿ ದಪ್ಪ ಸತ್ತಿರುತ್ತಿತ್ತು. ಮನುಷ್ಯನಲ್ಲಿ ದೊಡ್ಡ ಹೃದಯಾಘಾತವೊಂದು ಕೆಲವೇ ಗಂಟೆಗಳಲ್ಲಿ ಸುಮಾರು ನೂರು ಕೋಟಿ ಕೋಶಗಳನ್ನು ಕೊಲ್ಲಬಲ್ಲದು.

ಸತ್ತ ಜಾಗವನ್ನು ದೇಹ ಖಾಲಿ ಬಿಡುವುದಿಲ್ಲ. ಬಿಳಿ ರಕ್ತಕಣಗಳು ಬಂದು ಸತ್ತ ಕೋಶಗಳನ್ನು ತೆರವು ಮಾಡುತ್ತವೆ. ಕೆಲವು ವಾರಗಳಲ್ಲಿ ಅಲ್ಲಿ ಕೊಲಾಜೆನ್ ನಾರಿನ ಗಟ್ಟಿ ಕಲೆಯೊಂದು ಕೂರುತ್ತದೆ. ಈ ಕಲೆಯನ್ನು ಬೈಯಬೇಡಿ. ಅದಿಲ್ಲದಿದ್ದರೆ ಹೃದಯದ ಗೋಡೆ ಒಡೆದೇ ಹೋಗುತ್ತಿತ್ತು. ಆದರೆ ಕಲೆ ಸಂಕುಚಿಸಲಾರದು. ಅದರ ಪಾಲಿನ ದುಡಿಮೆಯೂ ಉಳಿದ ಸ್ನಾಯುವಿನ ಮೇಲೆ ಬೀಳುತ್ತದೆ. ಹೃದಯ ನಿಧಾನವಾಗಿ ಹಿಗ್ಗುತ್ತದೆ, ಗೋಡೆ ತೆಳುವಾಗುತ್ತದೆ, ಒಂದು ದಿನ ರೋಗಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಹೃದಯ ವೈಫಲ್ಯ ಎಂದು ನಾವು ಕರೆಯುವುದು ಇದನ್ನೇ.

ಇಲ್ಲೊಂದು ಸೂಕ್ಷ್ಮವಿದೆ, ಮುಂದಿನ ಮಾತಿಗೆಲ್ಲ ಅದು ಬೇಕಾಗುತ್ತದೆ. ಎಕೋದಲ್ಲಿ ಅಲುಗಾಡದೆ ನಿಂತ ಸ್ನಾಯುವೆಲ್ಲ ಸತ್ತ ಸ್ನಾಯುವಲ್ಲ. ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಹರಿದಾಗ ಕೆಲವು ಭಾಗ ದಿನಗಟ್ಟಲೆ, ವಾರಗಟ್ಟಲೆ ಮರವಟ್ಟಂತಿರುತ್ತದೆ. ರಕ್ತ ಸದಾ ಕಡಿಮೆ ಬರುವ ಕಡೆ ಸ್ನಾಯು ತನ್ನ ಕೆಲಸ ಕುಗ್ಗಿಸಿಕೊಂಡು ಜೀವ ಉಳಿಸಿಕೊಂಡಿರುತ್ತದೆ. ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಹಬುದ್ದೀನ್ ರಹಿಮ್ತೂಲಾ ಅವರು 1980ರ ದಶಕದಲ್ಲಿ ಇದಕ್ಕೆ ಶಿಶಿರನಿದ್ರೆಯ ಸ್ನಾಯು ಎಂಬ ಹೆಸರನ್ನು ಬಳಕೆಗೆ ತಂದರು. ಇಂಥ ಸ್ನಾಯು ಸ್ಟೆಂಟ್, ಬೈಪಾಸ್, ಔಷಧಿಗಳಿಂದ, ಕೆಲವೊಮ್ಮೆ ತಾನಾಗಿಯೇ, ಚೇತರಿಸಿಕೊಳ್ಳಬಹುದು. ಅದು ಚೇತರಿಕೆ, ಹೊಸ ಹುಟ್ಟಲ್ಲ. ಆಗ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು, ಅಂದರೆ ನೀವೆಲ್ಲ ರಿಪೋರ್ಟಿನಲ್ಲಿ ನೋಡುವ ‘ಇಎಫ್’, 35ರಿಂದ 42ಕ್ಕೆ ಏರಬಹುದು. ಆ ಏರಿಕೆಯ ಹೆಗ್ಗಳಿಕೆಯನ್ನು ಯಾರು ಬೇಕಾದರೂ ತಮ್ಮದೆಂದು ಹೇಳಿಕೊಳ್ಳಬಹುದು. ಆದ್ದರಿಂದ ಈ ಕ್ಷೇತ್ರದ ಯಾವ ಸುದ್ದಿ ಕೇಳಿದರೂ ನಾನು ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಹೊಸ ಸ್ನಾಯು ಹುಟ್ಟಿತೆ, ಅಥವಾ ಅಂಕಿ ಏರಿತೆ?

ವಯಸ್ಕರ ಹೃದಯದಲ್ಲಿ ಹೊಸ ಸ್ನಾಯುಕೋಶ ತಾನಾಗಿ ಹುಟ್ಟುತ್ತದೆಯೆ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಅಣುಬಾಂಬಿನಿಂದ. 1950ರ ದಶಕದ ನಡುವಿನಿಂದ 1963ರ ನಿಷೇಧ ಒಪ್ಪಂದದವರೆಗೆ ಬಯಲಿನಲ್ಲಿ ನಡೆದ ಪರಮಾಣು ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಾಯಿತು. ಅದು ಗಿಡಕ್ಕೆ, ಗಿಡದಿಂದ ಅನ್ನಕ್ಕೆ, ಅನ್ನದಿಂದ ನಮ್ಮ ಡಿಎನ್ಎಗೆ ಬಂತು. ಒಪ್ಪಂದದ ಬಳಿಕ ಗಾಳಿಯಲ್ಲಿ ಅದರ ಪ್ರಮಾಣ ವರ್ಷವರ್ಷವೂ ಇಳಿಯುತ್ತ ಬಂತು. ಕೋಶವೊಂದು ಹುಟ್ಟಿದ ವರ್ಷ ಅದರ ಡಿಎನ್ಎಯಲ್ಲಿ ಹೀಗೆ ಬರೆದಿಟ್ಟಂತಿರುತ್ತದೆ. ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ತಂಡ 2009ರಲ್ಲಿ ಇದನ್ನೇ ಓದಿ ಲೆಕ್ಕ ಹಾಕಿತು. 25ನೆಯ ವಯಸ್ಸಿನಲ್ಲಿ ಹೃದಯಸ್ನಾಯು ವರ್ಷಕ್ಕೆ ಶೇ. 1ರಷ್ಟು ಹೊಸದಾಗುತ್ತದೆ, 75ರ ಹೊತ್ತಿಗೆ ಶೇ. 0.45ಕ್ಕೆ ಇಳಿಯುತ್ತದೆ. ಇಡೀ ಬದುಕಿನಲ್ಲಿ ಅರ್ಧದಷ್ಟು ಕೋಶಗಳೂ ಬದಲಾಗುವುದಿಲ್ಲ. ಮನುಕುಲದ ಒಂದು ದುಷ್ಟ ಕೆಲಸದಿಂದ ಇಷ್ಟು ನಾಜೂಕಾದ ಅಳತೆಗೋಲು ಸಿಕ್ಕಿತಲ್ಲ ಎಂದು ನನಗೆ ಇವತ್ತಿಗೂ ಬೆರಗು.

ಅಂದರೆ ಹೊಸ ಕೋಶ ಹುಟ್ಟುವ ಶಕ್ತಿ ಸೊನ್ನೆಯಲ್ಲ. ಆದರೆ ಒಂದೇ ಮಧ್ಯಾಹ್ನದಲ್ಲಿ ನೂರು ಕೋಟಿ ಕೋಶ ಕಳೆದುಕೊಂಡವನಿಗೆ ಅದು ಯಾವ ಮೂಲೆಗೂ ಸಾಲದು. ಎಲ್ಲ ಪ್ರಾಣಿಗಳ ಗತಿಯೂ ಹೀಗೇ ಅಲ್ಲ. ಅಕ್ವೇರಿಯಂನಲ್ಲಿ ಸಾಕುವ ಪಟ್ಟೆ ಮೀನು ಜೀಬ್ರಾ ಫಿಶ್‌ನ ಹೃತ್ಕುಕ್ಷಿಯ ಐದನೆಯ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಅದು ಮತ್ತೆ ಬೆಳೆಯುತ್ತದೆಂದು 2002ರಲ್ಲಿ ಕೆನೆತ್ ಪಾಸ್ ಮತ್ತವರ ಸಂಗಡಿಗರು ತೋರಿಸಿದರು. 2011ರಲ್ಲಿ ಡಲ್ಲಾಸ್‌ನ ಹೆಶಾಮ್ ಸಾದೆಕ್, ಎರಿಕ್ ಓಲ್ಸನ್ ತಂಡ ಹುಟ್ಟಿದ ಮರುದಿನದ ಇಲಿಮರಿಯಲ್ಲೂ ಇದೇ ಶಕ್ತಿಯನ್ನು ಕಂಡಿತು; ಏಳು ದಿನದ ಹೊತ್ತಿಗೆ ಅದು ಕಳೆದುಹೋಗಿತ್ತು. ಮೀನಿನಲ್ಲಿ ಹೊಸ ಸ್ನಾಯು ಬಂದದ್ದು ಯಾವ ಆಕರಕೋಶದಿಂದಲೂ (ಸ್ಟೆಮ್ ಸೆಲ್) ಅಲ್ಲ, ಇದ್ದ ಸ್ನಾಯುಕೋಶಗಳೇ ವಿಭಜನೆಯಾಗಿ ಎಂದು ಆಮೇಲೆ ಗೊತ್ತಾಯಿತು. ಆದರೆ ಅಷ್ಟರಲ್ಲಿ ವೈದ್ಯಲೋಕ ಬೇರೆ ದಾರಿ ಹಿಡಿದು ಬಹಳ ದೂರ ಹೋಗಿತ್ತು.

ಆ ದಾರಿ ತೆರೆದದ್ದು 2001ರಲ್ಲಿ. ನ್ಯೂಯಾರ್ಕ್ ಮೆಡಿಕಲ್ ಕಾಲೇಜಿನ ಪಿಯೆರೊ ಅನ್ವೆರ್ಸಾ ಮತ್ತು ಡೊನಾಲ್ಡ್ ಆರ್ಲಿಕ್ ಮೊದಲಾದವರು ‘ನೇಚರ್’ ಪತ್ರಿಕೆಯಲ್ಲಿ ಬೆರಗುಗೊಳಿಸುವ ವರದಿ ಪ್ರಕಟಿಸಿದರು. ಹೃದಯಾಘಾತವಾದ ಇಲಿಗೆ ಅಸ್ಥಿಮಜ್ಜೆಯ ಆಕರಕೋಶ ಚುಚ್ಚಿದರೆ ಒಂಬತ್ತೇ ದಿನದಲ್ಲಿ ಸತ್ತ ಪ್ರದೇಶದ ಶೇ. 68ರಷ್ಟನ್ನು ಹೊಸ ಸ್ನಾಯು ತುಂಬಿತ್ತು ಎಂಬುದು ಅವರ ಹೇಳಿಕೆ. ರೋಗಿಯ ಸೊಂಟದ ಮೂಳೆಯಿಂದ ಸಿರಿಂಜಿನಲ್ಲಿ ಮಜ್ಜೆ ತೆಗೆದು, ಸೋಸಿ, ಕರೊನರಿಗೆ ಬಿಟ್ಟರೆ ಆಯಿತು! ಬೇರೆಯವರ ಅಂಗ ಬೇಡ, ದೇಹ ತಿರಸ್ಕರಿಸುವ ಭಯವಿಲ್ಲ, ದೊಡ್ಡ ಪ್ರಯೋಗಾಲಯ ಬೇಡ. ಇಷ್ಟು ಸುಲಭವಾದದ್ದನ್ನು ಯಾರು ತಾನೇ ನಂಬದೆ ಇದ್ದಾರು? ಅದೇ ವರ್ಷ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಬೋಡೊ ಸ್ಟ್ರಾವರ್ ಮನುಷ್ಯನಿಗೇ ಇದನ್ನು ಮಾಡಿದರು. ಸಾಮಾನ್ಯವಾಗಿ ಹೊಸ ಔಷಧಿಯೊಂದು ಇಲಿಯಿಂದ ಮನುಷ್ಯನಿಗೆ ಬರಲು ವರ್ಷಗಳೇ ಹಿಡಿಯುತ್ತವೆ. ಇಲ್ಲಿ ತಿಂಗಳುಗಳು ಸಾಕಾದವು.

2003ರಲ್ಲಿ ಅನ್ವೆರ್ಸಾ ತಂಡ ಇನ್ನೂ ದೊಡ್ಡ ಮಾತು ಹೇಳಿತು: ಹೃದಯದೊಳಗೇ ಆಕರಕೋಶಗಳಿವೆ, ಅವುಗಳ ಮೈಮೇಲೆ ಸಿ-ಕಿಟ್ ಎಂಬ ಗುರುತಿದೆ. 2004ರಲ್ಲೇ ಎಚ್ಚರಿಕೆಯ ಗಂಟೆ ಬಾರಿಸಿತು. ಸಿಯಾಟಲ್‌ನ ಚಾರ್ಲ್ಸ್ ಮರಿ ಮತ್ತು ಇಂಡಿಯಾನಾಪೊಲಿಸ್‌ನ ಲೊರೆನ್ ಫೀಲ್ಡ್ ಮಜ್ಜೆಯ ಕೋಶಗಳಿಗೆ ಆನುವಂಶಿಕ ಗುರುತು ಹಾಕಿ 145 ಕಸಿಗಳನ್ನು ಪರಿಶೀಲಿಸಿದರು. ಅವು ಸ್ನಾಯುಕೋಶವಾಗಿ ಬದಲಾದ ಸುಳಿವೇ ಸಿಗಲಿಲ್ಲ. ಸ್ಟ್ಯಾನ್‌ಫರ್ಡ್‌ನ ಮತ್ತೊಂದು ತಂಡವೂ ಅದೇ ಸಂಚಿಕೆಯಲ್ಲಿ ಅದನ್ನೇ ಹೇಳಿತು. ಆದರೂ ಬಂಡಿ ನಿಲ್ಲಲಿಲ್ಲ. 2011ರಲ್ಲಿ ಲೂಯಿವಿಲ್‌ನ ರಾಬರ್ಟೊ ಬೊಲ್ಲಿ ಅವರ ಜೊತೆಗೂಡಿ ಅನ್ವೆರ್ಸಾ ಸಿ-ಕಿಟ್ ಕೋಶಗಳನ್ನು ಮನುಷ್ಯರಿಗೆ ಕೊಟ್ಟ ಪ್ರಯೋಗ ‘ಲ್ಯಾನ್ಸೆಟ್’ನಲ್ಲಿ ಬಂತು. ಪತ್ರಿಕೆಗಳು ಕೊಂಡಾಡಿದವು. 2014ರಲ್ಲಿ ಸಿನ್ಸಿನಾಟಿಯ ಜೆಫ್ರಿ ಮೊಲ್ಕೆಂಟಿನ್ ತಂಡ ಇಲಿಗಳಲ್ಲಿ ಸಿ-ಕಿಟ್ ಕೋಶಗಳ ವಂಶಾವಳಿಯನ್ನೇ ಹಿಂಬಾಲಿಸಿ, ಅವುಗಳಿಂದ ಹುಟ್ಟುವ ಸ್ನಾಯುಕೋಶಗಳು ಲೆಕ್ಕಕ್ಕೇ ಬಾರದಷ್ಟು ಕಡಿಮೆ ಎಂದು ತೋರಿಸಿತು.

ಆಮೇಲಿನದು ದುಃಖದ ಅಧ್ಯಾಯ. ಸಂಶೋಧನಾ ಅನುದಾನದ ಅರ್ಜಿಗಳಲ್ಲಿ ತಿದ್ದಿದ ದತ್ತಾಂಶ ಬಳಸಲಾಗಿತ್ತೆಂಬ ಆರೋಪದ ಮೇಲೆ, ಅನ್ವೆರ್ಸಾ ಹಿಂದೆ ಕೆಲಸ ಮಾಡಿದ್ದ ಬಾಸ್ಟನ್ ಆಸ್ಪತ್ರೆ ಮತ್ತದರ ಮಾತೃಸಂಸ್ಥೆ 2017ರಲ್ಲಿ ಅಮೆರಿಕ ಸರ್ಕಾರಕ್ಕೆ 1 ಕೋಟಿ ಡಾಲರ್ ಕಟ್ಟಲು ಒಪ್ಪಿದವು. 2018ರ ಅಕ್ಟೋಬರಿನಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಆ ಆಸ್ಪತ್ರೆ ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರಿಕೆಗಳಿಗೆ ಬರೆದವು. ಲ್ಯಾನ್ಸೆಟ್‌ನ ಆ ಪ್ರಬಂಧವೂ 2019ರಲ್ಲಿ ಹಿಂದಕ್ಕೆ ಹೋಯಿತು. ಒಬ್ಬರ ತಪ್ಪೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನ ಮಟ್ಟಿಗೆ ದೊಡ್ಡ ತಪ್ಪು ಉಳಿದವರದು. ಬೇರೆ ಪ್ರಯೋಗಾಲಯಗಳಲ್ಲಿ ಆ ಫಲಿತಾಂಶ ಬರುತ್ತಿಲ್ಲವೆಂದು 2004ರಲ್ಲೇ ಗೊತ್ತಾಗಿತ್ತು. ಆಮೇಲೂ ಹದಿನಾಲ್ಕು ವರ್ಷ ರೋಗಿಗಳನ್ನು ಪ್ರಯೋಗಕ್ಕೆ ಸೇರಿಸುತ್ತಲೇ ಇದ್ದೆವು.

ಮಜ್ಜೆಯ ಪ್ರಯೋಗಗಳಲ್ಲಿ ವಂಚನೆಯಿಲ್ಲದೆ ನಡೆದವೂ ಬಹಳ ಇವೆ. ಅವುಗಳ ಅಂಕಿಗಳು ಏನು ಹೇಳಿದವು? 2006ರ ಜರ್ಮನ್ ನೇತೃತ್ವದ ರಿಪೇರ್-ಎಎಂಐ ಪ್ರಯೋಗದ 204 ರೋಗಿಗಳಲ್ಲಿ, ಕೋಶ ಪಡೆದವರ ಇಎಫ್ 5.5 ಅಂಶ ಏರಿತು. ಸಂತೋಷದ ಸುದ್ದಿಯೇ. ಆದರೆ ಬರಿಯ ದ್ರಾವಣ ಪಡೆದವರದ್ದೂ 3 ಅಂಶ ಏರಿತ್ತು! ಮರವಟ್ಟ ಸ್ನಾಯು ತಾನೇ ಎಚ್ಚೆತ್ತುಕೊಳ್ಳುತ್ತದೆಂದು ಆಗಲೇ ಹೇಳಿದೆನಲ್ಲ, ಅದು ಇದು. ಹೋಲಿಕೆಯ ಗುಂಪೇ ಇಲ್ಲದೆ ಚಿಕಿತ್ಸೆ ಮಾರುವವನು ಇಡೀ 5.5 ಅಂಶವನ್ನೂ ತನ್ನ ಕೈಗುಣವೆಂದೇ ಹೇಳುತ್ತಾನೆ. ಅದೇ ವರ್ಷದ ನಾರ್ವೆಯ ಪ್ರಯೋಗದಲ್ಲಿ ಲಾಭವೇನೂ ಕಾಣಲಿಲ್ಲ. ನಮ್ಮ ದೇಶದಲ್ಲೂ 250 ರೋಗಿಗಳ ಬಹುಕೇಂದ್ರ ಪ್ರಯೋಗ ನಡೆದು 2015ರಲ್ಲಿ ಫಲಿತಾಂಶ ಬಂತು: ಅಪಾಯವಿಲ್ಲ, ಗಣನೀಯ ಪ್ರಯೋಜನವೂ ಇಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ಹೃದಯಾಘಾತವಾದ 20 ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಿತು. ಅಲ್ಲೂ ಇಎಫ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಕಂಪನಿಯ ಉತ್ಪನ್ನಕ್ಕೆ ಮುಂದೆ ಅನುಮತಿ ಸಿಕ್ಕಿದ್ದು ಕಾಲಿನ ರಕ್ತನಾಳಗಳ ಕಾಯಿಲೆಗೆ, ಹೃದಯಕ್ಕಲ್ಲ.

2014ರಲ್ಲಿ ಲಂಡನ್ನಿನ ಡ್ಯಾರೆಲ್ ಫ್ರಾನ್ಸಿಸ್ ತಂಡ ಮಾಡಿದ ಕೆಲಸವನ್ನು ವಿದ್ಯಾರ್ಥಿಗಳು ತಪ್ಪದೆ ಓದಬೇಕು. ಅವರು ಹೊಸ ಪ್ರಯೋಗ ಮಾಡಲಿಲ್ಲ. 49 ಪ್ರಯೋಗಗಳ ಪ್ರಕಟಿತ ವರದಿಗಳನ್ನು ಕೂತು ಲೆಕ್ಕ ತಾಳೆ ನೋಡಿದರು. ಕೂಡಿಸಿದರೆ ಮೊತ್ತ ಸರಿಬಾರದ ಕೋಷ್ಟಕಗಳು, ಒಂದಕ್ಕೊಂದು ಹೊಂದದ ಸಂಖ್ಯೆಗಳು, ಹೀಗೆ ಆರುನೂರಕ್ಕೂ ಹೆಚ್ಚು ದೋಷ ಸಿಕ್ಕವು. ಅದಕ್ಕಿಂತ ಮುಖ್ಯವಾದದ್ದು ಇದು: ವರದಿಯಲ್ಲಿ ದೋಷ ಹೆಚ್ಚಿದ್ದಷ್ಟೂ ಚಿಕಿತ್ಸೆಯ ಲಾಭ ಹೆಚ್ಚು ಕಾಣುತ್ತಿತ್ತು. ಒಂದೂ ದೋಷವಿಲ್ಲದ ಪ್ರಯೋಗಗಳಲ್ಲಿ ಲಾಭ ಸೊನ್ನೆ. ಸಾವು ತಗ್ಗುತ್ತದೆಯೇ ಎಂದು ತೀರ್ಮಾನಿಸಲು ಯುರೋಪಿನಲ್ಲಿ 3000 ರೋಗಿಗಳ ಪ್ರಯೋಗವೊಂದನ್ನು ಹೂಡಲಾಯಿತು. 375 ಜನ ಸೇರುವಷ್ಟರಲ್ಲಿ ಅದು ಸೊರಗಿತು. ಆಂಜಿಯೋಪ್ಲಾಸ್ಟಿ, ಔಷಧಿಗಳಿಂದಲೇ ಸಾವು ಅಷ್ಟು ಇಳಿದಿತ್ತು.

ಮಜ್ಜೆಯ ಕೋಶ ಸ್ನಾಯುವಾಗದಿದ್ದರೂ ಏನೋ ಒಳ್ಳೆಯ ರಸ ಸ್ರವಿಸುತ್ತದೆ ಎಂಬ ವಾದ ಆಮೇಲೆ ಬಂತು. ಇರಬಹುದು. ಆದರೆ ಮೊಲ್ಕೆಂಟಿನ್ ತಂಡವೇ ಇಲಿಗಳಿಗೆ ಸತ್ತ ಕೋಶಗಳನ್ನು, ಕೊನೆಗೆ ಕೋಶವೇ ಅಲ್ಲದ ಉರಿಯೂತಕಾರಕ ರಾಸಾಯನಿಕವನ್ನು ಚುಚ್ಚಿತು. ಸಿಕ್ಕ ಲಾಭ ಒಂದೇ ಬಗೆಯದು. ರೋಗನಿರೋಧಕ ಕೋಶಗಳು ಕೆರಳಿ ಕಲೆಯನ್ನು ಒಂದಿಷ್ಟು ಹದಗೊಳಿಸಿದ್ದವು, ಅಷ್ಟೇ.

ಹೊಸ ಸ್ನಾಯು ಬೇಕಾದರೆ ಸ್ನಾಯುವನ್ನೇ ಹಾಕಬೇಕು. ತಿರುಗಿ ನೋಡಿದರೆ ಇದು ಎಷ್ಟು ಸರಳ! ಹೃದಯದ ಕೋಶ ತರುವುದು ಎಲ್ಲಿಂದ ಎಂಬುದೇ ತೊಡಕಾಗಿತ್ತು. 2000ದಲ್ಲಿ ಪ್ಯಾರಿಸ್ಸಿನ ಫಿಲಿಪ್ ಮೆನಾಶೆ ರೋಗಿಯ ತೊಡೆಯ ಸ್ನಾಯುವಿನ ಕೋಶಗಳನ್ನು ಹೃದಯಕ್ಕೆ ಹಾಕಿ ನೋಡಿದ್ದರು. ಅವು ಉಳಿದವು, ಆದರೆ ಹೃದಯದ ಕೋಶಗಳೊಡನೆ ವಿದ್ಯುತ್ ಸಂಪರ್ಕ ಬೆಳೆಸಲಿಲ್ಲ. ದಾರಿ ತೋರಿಸಿದವರು ಜಪಾನಿನ ಶಿನ್ಯಾ ಯಮನಾಕ. ಚರ್ಮದ ಕೋಶವನ್ನು ನಾಲ್ಕು ಜೀನುಗಳಿಂದ ಭ್ರೂಣಸ್ಥಿತಿಗೆ ಮರಳಿಸಬಹುದೆಂದು ಅವರು 2006ರಲ್ಲಿ ಇಲಿಯಲ್ಲೂ 2007ರಲ್ಲಿ ಮನುಷ್ಯನಲ್ಲೂ ತೋರಿಸಿದರು. 2012ರಲ್ಲಿ ನೊಬೆಲ್ ಬಂತು. ಹೀಗೆ ಪಡೆದ ಐಪಿಎಸ್ ಕೋಶಗಳನ್ನು ತಟ್ಟೆಯಲ್ಲಿ ಹೃದಯಸ್ನಾಯುವಾಗಿ ಬೆಳೆಸಬಹುದು. ಅವು ತಟ್ಟೆಯಲ್ಲೇ ಮಿಡಿಯುತ್ತವೆ. ಎಂಥ ಅನುಭವಿ ವೈದ್ಯನೂ ಸೂಕ್ಷ್ಮದರ್ಶಕದಲ್ಲಿ ಅದನ್ನು ಮೊದಲ ಸಲ ಕಂಡಾಗ ಮಾತು ಮರೆಯುತ್ತಾನೆ.

2014ರಲ್ಲಿ ಚಾರ್ಲ್ಸ್ ಮರಿ (ಹಳೆಯ ಹೇಳಿಕೆಯನ್ನು ಸುಳ್ಳೆಂದು ತೋರಿಸಿದವರೇ) ಭ್ರೂಣದ ಆಕರಕೋಶಗಳಿಂದ ಬೆಳೆಸಿದ ನೂರು ಕೋಟಿ ಮಾನವ ಹೃದಯಕೋಶಗಳನ್ನು ಕೋತಿಗಳ ಹೃದಯಕ್ಕೆ ಹಾಕಿದರು. ಕಲೆಯ ಜಾಗದಲ್ಲಿ ನಿಜವಾದ ಸ್ನಾಯು ಬಂತು, ಕೋತಿಯ ಹೃದಯದೊಡನೆ ಕೂಡಿ ಬಡಿಯಿತು. ಜೊತೆಗೇ ಹೊಸ ಗಂಡಾಂತರವೂ ಬಂತು: ಕೋಶ ಪಡೆದ ಎಲ್ಲ ಕೋತಿಗಳಲ್ಲೂ ಹೃದಯದ ಲಯ ತಪ್ಪಿತು. ಡೊಳ್ಳು ಕುಣಿತದ ತಂಡಕ್ಕೆ ನಿನ್ನೆ ಸೇರಿದ ಹುಡುಗ ತನ್ನದೇ ತಾಳ ಹಾಕುತ್ತ ಹೋದರೆ ಇಡೀ ತಂಡ ದಿಕ್ಕುತಪ್ಪುತ್ತದಲ್ಲ, ಹಾಗೆ. ಎಳೆಯ ಕೋಶಗಳಿಗೆ ತಾವೇ ಮಿಡಿಯುವ ಚಾಳಿ ಇರುತ್ತದೆ. ಇಲಿಗಳಲ್ಲಿ ಇದು ಕಾಣದೆ ಹೋಗಿದ್ದೇಕೆಂದರೆ ಇಲಿಯ ಹೃದಯ ನಿಮಿಷಕ್ಕೆ 500–600 ಬಾರಿ ಬಡಿಯುತ್ತದೆ. ಆ ಓಟದಲ್ಲಿ ಹೊಸಬರ ತಪ್ಪು ತಾಳ ಮುಚ್ಚಿಹೋಗುತ್ತದೆ. 2023ರಲ್ಲಿ ಮರಿ ತಂಡ ನಾಲ್ಕು ಜೀನುಗಳನ್ನು ತಿದ್ದಿದ ಕೋಶಗಳನ್ನು ಹಂದಿಗಳಿಗೆ ಹಾಕಿ ಈ ಲಯದೋಷವನ್ನು ತಡೆದಿದೆ.

ಇರುವ ಸ್ನಾಯುವನ್ನೇ ವಿಭಜಿಸುವಂತೆ ಮಾಡುವ ಇನ್ನೊಂದು ದಾರಿಯೂ ಇದೆ, ಮೀನಿನ ದಾರಿ. 2019ರಲ್ಲಿ ಮೌರೊ ಜಕ್ಕಾ ತಂಡ ಒಂದು ಪುಟ್ಟ ಆರ್‌ಎನ್‌ಎಯನ್ನು ಹಂದಿಗಳ ಹೃದಯಕ್ಕೆ ಸೇರಿಸಿತು. ತಿಂಗಳೊಳಗೆ ಕಲೆ ಕುಗ್ಗಿತು, ಸ್ನಾಯು ಬೆಳೆಯಿತು. ಆದರೆ ಬೆಳವಣಿಗೆ ನಿಲ್ಲಲಿಲ್ಲ. ಮುಂದೆ ಹತ್ತರಲ್ಲಿ ಏಳು ಹಂದಿಗಳು ಹಠಾತ್ತನೆ ಸತ್ತವು. ಶುರುಮಾಡುವ ಗುಂಡಿಯ ಜೊತೆಗೆ ನಿಲ್ಲಿಸುವ ಗುಂಡಿಯೂ ಬೇಕು.

ಮನುಷ್ಯರ ವಿಷಯಕ್ಕೆ ಬಂದರೆ ಎರಡು ದೇಶಗಳನ್ನು ನೋಡಬೇಕು. ಜಪಾನಿನಲ್ಲಿ 2020ರ ಜನವರಿಯಲ್ಲಿ ಒಸಾಕಾ ವಿಶ್ವವಿದ್ಯಾಲಯದ ಯೋಶಿಕಿ ಸಾವಾ ತಂಡ ಸುಮಾರು 10 ಕೋಟಿ ಐಪಿಎಸ್ ಹೃದಯಕೋಶಗಳ ತೆಳು ಹಾಳೆಗಳನ್ನು ರೋಗಿಯೊಬ್ಬರ ಹೃದಯದ ಮೇಲೆ ಹೊದಿಸಿತು. ಎಂಟು ರೋಗಿಗಳ ಅನುಭವದ ಮೇಲೆ, ಆ ವಿಶ್ವವಿದ್ಯಾಲಯದಿಂದ ಹುಟ್ಟಿದ ಕಂಪನಿ 2025ರ ಏಪ್ರಿಲ್‌ನಲ್ಲಿ ಮಾರಾಟದ ಅನುಮತಿಗೆ ಅರ್ಜಿ ಹಾಕಿತು. ಎಂಟು ಎಂಬ ಸಂಖ್ಯೆಯನ್ನು ಗಮನಿಸಿ. ಜಪಾನ್ 2015ರಲ್ಲಿ ತೊಡೆಯ ಸ್ನಾಯುವಿನ ‘ಹಾರ್ಟ್‌ಶೀಟ್’ ಎಂಬ ಇಂಥದೇ ಹಾಳೆಗೆ ಏಳು ರೋಗಿಗಳ ಫಲಿತಾಂಶ ನೋಡಿ ಷರತ್ತಿನ ಅನುಮತಿ ಕೊಟ್ಟಿತ್ತು. 2024ರಲ್ಲಿ, ಪರಿಣಾಮ ಸಾಬೀತಾಗಿಲ್ಲವೆಂದು ತಜ್ಞರ ಸಮಿತಿಯೇ ಹೇಳಿತು. ಅಷ್ಟು ವರ್ಷ ಆ ಹಾಳೆ ಮಾರಾಟದಲ್ಲಿತ್ತು. ಬೇಗ ಅನುಮತಿ ಕೊಡುವ ಈ ನೀತಿ ನಮ್ಮಲ್ಲಿ ಬರಬಾರದೆಂದು ನನ್ನ ಖಚಿತ ಅಭಿಪ್ರಾಯ.

ಜರ್ಮನಿಯ ಗೋಟಿಂಗೆನ್‌ನ ವೋಲ್ಫ್ರಾಮ್ ಸಿಮ್ಮರ್‌ಮನ್ ಅವರ ಕೆಲಸ ನನಗೆ ಹೆಚ್ಚು ಹಿಡಿಸುತ್ತದೆ. ಅವರು ಐಪಿಎಸ್ ಹೃದಯಕೋಶಗಳನ್ನು ಕೊಲಾಜೆನ್‌ನಲ್ಲಿ ಬೆರೆಸಿ ಮಿಡಿಯುವ ಸ್ನಾಯುಪಟ್ಟಿ ಮಾಡುತ್ತಾರೆ. ಕೋತಿಗಳಲ್ಲಿ ಪರೀಕ್ಷಿಸಿದ ಮೇಲೆ, ತೀವ್ರ ಹೃದಯ ವೈಫಲ್ಯದ 46 ವರ್ಷದ ಮಹಿಳೆಯೊಬ್ಬರಿಗೆ 40 ಕೋಟಿ ಕೋಶಗಳ ಪಟ್ಟಿಗಳನ್ನು ಹೊಲಿದರು. ಮೂರು ತಿಂಗಳ ನಂತರ ಅವರಿಗೆ ದಾನಿಯ ಹೃದಯ ಸಿಕ್ಕಿ ಕಸಿ ನಡೆಯಿತು. ಹೊರತೆಗೆದ ಹಳೆಯ ಹೃದಯವನ್ನು ಕೊಯ್ದು ನೋಡಿದಾಗ ಹಾಕಿದ ಸ್ನಾಯು ಉಳಿದಿತ್ತು, ಅದಕ್ಕೆ ರಕ್ತನಾಳಗಳು ಹಬ್ಬಿದ್ದವು. 2025ರ ಜನವರಿಯಲ್ಲಿ ಇದು ಪ್ರಕಟವಾಯಿತು. ನನ್ನ ಪ್ರಶ್ನೆಗೆ ಕಣ್ಣಾರೆ ಕಾಣುವ ಉತ್ತರ ಇದು: ಇಲ್ಲಿ ಅಂಕಿಯಲ್ಲ, ಸ್ನಾಯುವೇ ಇದೆ. ಆದರೂ ಇದು ಮೇಲೆ ಹೊಲಿದ ಸ್ನಾಯು, ಕಲೆಯೊಳಗಿನ ಮರುಹುಟ್ಟಲ್ಲ. ಕೋಶಗಳು ಬೇರೆಯವರವಾದ್ದರಿಂದ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನುಂಗುತ್ತಿರಬೇಕು. ಎಷ್ಟು ವರ್ಷ ಬದುಕು ಸಿಗುತ್ತದೆಂದು ತಿಳಿಯಲು ದೊಡ್ಡ ಪ್ರಯೋಗಗಳೇ ನಡೆಯಬೇಕು.

ಕೊನೆಯದಾಗಿ ಇಲ್ಲಿ ಕೂತಿರುವ ಕುಟುಂಬಗಳಿಗೆ ಎರಡು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಲ್ಲೇ ತನ್ನ ಮಾರ್ಗಸೂಚಿಯ ಹೆಸರಿನಿಂದ ‘ಚಿಕಿತ್ಸೆ’ ಎಂಬುದನ್ನು ತೆಗೆದು ‘ಸಂಶೋಧನೆ’ಯನ್ನಷ್ಟೇ ಉಳಿಸಿತು. 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆ ಮೊದಲಾದವಕ್ಕೆ ಮಾಡುವ ಮಜ್ಜೆಯ ಕಸಿ ಬಿಟ್ಟರೆ ಆಕರಕೋಶಗಳ ಬೇರೆಲ್ಲ ಬಳಕೆ ಪ್ರಯೋಗದ ಹಂತದ್ದು. ಪ್ರಯೋಗಕ್ಕೆ ಒಳಗಾಗುವವರಿಂದ ಹಣ ವಸೂಲು ಮಾಡುವಂತಿಲ್ಲ. ಯಾರಾದರೂ ಹೃದಯಕ್ಕೆ ಸ್ಟೆಮ್ ಸೆಲ್ ಹಾಕುತ್ತೇವೆಂದು ಲಕ್ಷಗಟ್ಟಲೆ ಕೇಳಿದರೆ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ನಿಮ್ಮ ಪ್ರಯೋಗದ ಸಂಖ್ಯೆ ಎಷ್ಟು ಎಂದು ಕೇಳಿ. 2009ರಿಂದ ಆ ನೋಂದಣಿ ಕಡ್ಡಾಯ. ಸಂಖ್ಯೆ ಕೊಡಲಾರದವರಿಗೆ ಹೊಲ ಮಾರಿದ ದುಡ್ಡು ಕೊಡಬೇಡಿ.

ಎರಡನೆಯದು. ಸತ್ತ ಕೋಶವನ್ನು ಹುಟ್ಟಿಸುವ ಚಿಕಿತ್ಸೆ ಇನ್ನೂ ಬರಬೇಕು. ಸಾಯುವ ಕೋಶವನ್ನು ಉಳಿಸುವ ಚಿಕಿತ್ಸೆ ನಮ್ಮ ರಾಜ್ಯದಲ್ಲಿ ಈಗಲೇ ಇದೆ. 46ರ ವಯಸ್ಸಿಗೇ ನಮ್ಮನ್ನು ಅಗಲಿದ ನಟನ ಹೆಸರಿನ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಎದೆ ಬಿಗಿದು, ಬೆವರು ಕಿತ್ತು, ನೋವು ಎಡತೋಳಿಗೋ ದವಡೆಗೋ ಹರಿದರೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಬೇಡಿ. ಬೆಳಗಾಗಲಿ ಎಂದು ಕಾಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ, ತಡವಿಲ್ಲದೆ.